ಹಾರದ ತೋಟಾ: ಬೆಳೆ ಕಾಯುವ ಬಂದೂಕು ಕೈಕೊಡುವುದು ಯಾಕೆ?

ಟ್ರಿಗರ್ ಎಳೆದಿರಿ. ಟಕ್ ಅಂತ ಸದ್ದು ಬಂತು, ಈಡು ಹಾರಲಿಲ್ಲ. ಅಲ್ಲಿಂದ ಮುಂದಿನ ಅರ್ಧ ನಿಮಿಷ ಬಂದೂಕು ಹಿಡಿದವರಿಗೂ ಪಕ್ಕದಲ್ಲಿ ನಿಂತವರಿಗೂ ತುಂಬಾ ಅಪಾಯದ ಹೊತ್ತು. ಹೆಚ್ಚಿನವರು ಅದೇ ಹೊತ್ತಿನಲ್ಲಿ ಬಂದೂಕನ್ನು ಮುಖದ ಹತ್ತಿರ ತಂದು, ನಳಿಗೆಯನ್ನು ಮಡಚಿ ತೆರೆದು, ಏನಾಯ್ತೋ ನೋಡೋಣ ಅಂತ ತೋಟಾ ಹೊರಗೆ ಎಳೆಯುತ್ತಾರೆ.

ಬೇಟೆಗೆ ಅನುಮತಿ ಇರುವ ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಹೊಸ ಬೇಟೆಗಾರರಿಗೆ ತರಗತಿಯಲ್ಲೇ ಇದನ್ನು ಕಲಿಸುತ್ತಾರೆ. ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯ ಜಗಳೂರು, ಹೊಸದುರ್ಗ, ಮೊಳಕಾಲ್ಮೂರು ಕಡೆ ಬೆಳೆ ಕಾಯಲು ಅಪ್ಪನ ಕಾಲದ ಕೋವಿ ಇಟ್ಟುಕೊಂಡಿರುವ ಎಷ್ಟೋ ರೈತರಿಗೆ ಇದನ್ನು ಯಾರೂ ಕೂತು ಹೇಳಿಲ್ಲ. ಅವರ ಕೈಯಲ್ಲಿ ಲೈಸೆನ್ಸ್ ಪುಸ್ತಕವಿದೆ, ಬಂದೂಕಿದೆ. ತೋಟಾ ಯಾವ ಕಾಲದ್ದು, ಎಲ್ಲಿಟ್ಟಿದ್ದಾರೆ, ಹಾರದಿದ್ದರೆ ಏನು ಮಾಡುತ್ತಾರೆ ಅಂತ ಕೇಳುವವರು ಮಾತ್ರ ಇಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಶಿಕಾರಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಬೇಕಾದರೂ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತವಾಗಿ ಒಪ್ಪಬೇಕು. ಕರಡಿ, ಕೃಷ್ಣಮೃಗ, ನವಿಲು ಮೊದಲನೇ ಪಟ್ಟಿಯವು, ಅಂದರೆ ಅತಿ ಹೆಚ್ಚು ರಕ್ಷಣೆ ಇರುವವು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಯ ಅಭಯಾರಣ್ಯ, ಚಿತ್ರದುರ್ಗದ ಮಗ್ಗುಲಲ್ಲೇ ಜೋಗಿಮಟ್ಟಿ ಅಭಯಾರಣ್ಯ. ಎರಡರ ಅಂಚಿನಲ್ಲೂ ಹೊಲಗಳಿವೆ. ಹಾಗಾಗಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಂಡ ಪ್ರಾಣಿಗೆ ಗುಂಡು ಹೊಡೆಯಬಹುದು ಅಂತ ಯಾರೂ ಅಂದುಕೊಳ್ಳಬಾರದು. ಆದರೆ ಬೆಳೆ ಕಾಯಲು ಬಂದೂಕು ಇಟ್ಟುಕೊಳ್ಳುವುದನ್ನು 1959ರ ಆಯುಧ ಕಾಯ್ದೆಯೇ ಒಪ್ಪುತ್ತದೆ. ಅದರ 13ನೇ ಸೆಕ್ಷನ್, ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದವರಿಗೆ ಮುಂದಿನಿಂದ ಮದ್ದು ತುಂಬುವ ಕೋವಿಯ ಲೈಸೆನ್ಸ್ ಕೊಡುವ ಬಗ್ಗೆ ಹೆಸರಿಟ್ಟೇ ಹೇಳಿದೆ. ಲೈಸೆನ್ಸ್ ಪುಸ್ತಕದಲ್ಲಿ 'ಎಸ್‌ಬಿಎಂಎಲ್' ಎಂದು ಬರೆದಿರುವುದು ಇದೇ ಕೋವಿ. 'ಡಿಬಿಬಿಎಲ್' ಎಂದಿದ್ದರೆ ಹಿಂದಿನಿಂದ ತೋಟಾ ಹಾಕುವ ಜೋಡಿ ನಳಿಗೆ.

ಈ ಬಂದೂಕುಗಳು ಕೆಲಸ ಮಾಡುವುದೇ ಅಪರೂಪ. ಮೆಕ್ಕೆಜೋಳ ಬಿತ್ತಿದ ವಾರದಲ್ಲಿ ಹಂದಿಗಳು ಸಾಲು ಹಿಡಿದು ಬೀಜ ಕೆದಕುತ್ತವೆ. ಆಮೇಲೆ ತೆನೆ ಹಾಲುಗಟ್ಟುವಾಗ ಮತ್ತೆ ಬರುತ್ತವೆ. ಚಳ್ಳಕೆರೆ ಕಡೆ ಶೇಂಗಾ ಕಾಯಿ ಕಟ್ಟುವ ಹೊತ್ತು. ಆಗ ಬೆದರಿಸಲು ಆಕಾಶಕ್ಕೆ ಒಂದೋ ಎರಡೋ ಈಡು ಹಾರಿಸಿದರೆ ಆಯ್ತು. ತೋಟಾ ದುಬಾರಿ, ಎಷ್ಟು ಇಟ್ಟುಕೊಳ್ಳಬೇಕು ಅನ್ನುವುದಕ್ಕೂ ಮಿತಿ ಇದೆ. ಹಾಗಾಗಿ ಒಂದು ಪೆಟ್ಟಿಗೆ ತಂದರೆ ಅದು ವರ್ಷಗಟ್ಟಲೆ ಮನೆಯಲ್ಲೇ ಇರುತ್ತದೆ. ವಿದೇಶದ ಬೇಟೆಗಾರರು ಹೇಳುವ ತೊಂದರೆಗಳಿಗೂ ನಮ್ಮವರ ತೊಂದರೆಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಅವರ ತೋಟಾ ಕೈಯಲ್ಲಿ ಓಡಾಡಿ ಕೆಡುತ್ತದೆ, ನಮ್ಮದು ಕೂತಲ್ಲೇ ಕೆಡುತ್ತದೆ.

ಕೆಡುವುದು ಏನು ಅಂತ ತಿಳಿಯಬೇಕಾದರೆ ತೋಟಾದ ಒಳಗೆ ನೋಡಬೇಕು. ಬೋರ್ ಅಂದರೆ ನಳಿಗೆಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಪೂರ. 12 ಬೋರ್ ತೋಟಾದ ತಳ ಲೋಹದ್ದು, ಮೈ ಪ್ಲಾಸ್ಟಿಕ್ಕಿನದು. ಹಿಂದೆ ಮೈ ಕಾಗದದ್ದಾಗಿತ್ತು, ತೇವಕ್ಕೆ ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ತಳದ ನಡುವೆ ಗುಂಡಿಯಂತೆ ಕಾಣುವುದು ಕೇಪು. ಅದರ ಮೇಲೆ ಮದ್ದು, ಮದ್ದಿನ ಮೇಲೆ ಬಿಲ್ಲೆ, ಆಮೇಲೆ ಚರೆ, ಅಂದರೆ ಸಣ್ಣ ಗುಂಡುಗಳು. ಟ್ರಿಗರ್ ಎಳೆದಾಗ ಪಿನ್ನು ಕೇಪನ್ನು ಕುಟ್ಟುತ್ತದೆ. ಕೇಪಿನೊಳಗೆ ಚಿಟಿಕೆಯಷ್ಟು ಇರುವ ಸೂಕ್ಷ್ಮ ಸಿಡಿಮದ್ದು ಜಜ್ಜಿ ಕಿಡಿ ಉಗುಳುತ್ತದೆ, ಆ ಕಿಡಿಗೆ ಮದ್ದು ಹೊತ್ತಿಕೊಳ್ಳುತ್ತದೆ, ಗಾಳಿ ಹಿಗ್ಗಿ ಚರೆಯನ್ನು ತಳ್ಳುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು.

ಈ ಸರಪಳಿ ಎಲ್ಲಿ ತುಂಡಾಯಿತು ಅನ್ನುವುದರ ಮೇಲೆ ಅಪಾಯ ಬೇರೆಬೇರೆ. ಕಿಡಿಯೇ ಬಾರದಿದ್ದರೆ ತೋಟಾ ಸುಮ್ನೆ ಕೂರುತ್ತದೆ. ಕಿಡಿ ಬಂದು ಮದ್ದು ತಡವಾಗಿ ಹೊತ್ತಿಕೊಂಡರೆ ಕ್ಷಣ ಬಿಟ್ಟು ಈಡು ಹಾರುತ್ತದೆ. ಈ ತಡ ಸಾಮಾನ್ಯವಾಗಿ ತೀರಾ ಕಡಿಮೆ, ಆದರೆ ಮುಂಚೆಯೇ ಇಷ್ಟು ಅಂತ ಹೇಳಲಾಗದು. ಅದಕ್ಕೇ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಅಲ್ಲಾಡದೆ ನಿಲ್ಲಬೇಕು ಅನ್ನುವುದು ಎಲ್ಲೆಡೆ ಒಪ್ಪಿದ ನಿಯಮ. ಮುಂದಿನಿಂದ ಮದ್ದು ತುಂಬುವ ಕೋವಿಯಾದರೆ ಒಂದೆರಡು ನಿಮಿಷ ಕಾಯುವುದೇ ವಾಸಿ. ಅದರೊಳಗೆ ಮದ್ದು ಕಮರುತ್ತಾ ಇರಬಹುದು. ಕಾದ ಮೇಲೆ ಬಂದೂಕು ಮಡಚುವಾಗಲೂ ಮುಖ, ಕೈ ತೋಟಾದ ಹಿಂದೆ ನೇರವಾಗಿ ಇರಬಾರದು.

ನನಗೆ ಇವೆರಡಕ್ಕಿಂತ ಹೆಚ್ಚು ಭಯ ಮೂರನೆಯದು. ಈಡು ಹಾರುತ್ತದೆ, ಆದರೆ ಸದ್ದು ಪುಸ್ ಅನ್ನುತ್ತದೆ, ಹೆಗಲಿಗೆ ಒದೆ ಬರುವುದಿಲ್ಲ. ಮದ್ದು ಪೂರ್ತಿ ಉರಿಯದೆ, ಬಿಲ್ಲೆಯೋ ಚರೆಯೋ ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಂಡಿರಬಹುದು. ಹಂದಿ ಇನ್ನೂ ಹೊಲದಲ್ಲೇ ಇದೆ, ಕತ್ತಲು, ಗಡಿಬಿಡಿ. ಇನ್ನೊಂದು ತೋಟಾ ಹಾಕಿ ಎಳೆದರೆ ದಾರಿ ಮುಚ್ಚಿದ ನಳಿಗೆ ಸೀಳುತ್ತದೆ, ಮುಂಗೈ ಅಲ್ಲೇ ಇರುತ್ತದೆ. ಪುಸ್ ಅಂದ ಬಂದೂಕನ್ನು ಆ ರಾತ್ರಿ ಮತ್ತೆ ಬಳಸಲೇಬಾರದು. ಕಾದು, ಖಾಲಿ ಮಾಡಿ, ಬೆಳಗಾದ ಮೇಲೆ ಹಿಂದಿನ ಕಡೆಯಿಂದ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಬೇಕು.

ಇದೇ ಜಾತಿಯ ಇನ್ನೊಂದು ಅನಾಹುತ ಇದೆ. 20 ಬೋರ್ ತೋಟಾ 12 ಬೋರ್‌ಗಿಂತ ಸಪೂರ. ಅದನ್ನು ಗೊತ್ತಿಲ್ಲದೆ 12 ಬೋರ್ ಬಂದೂಕಿಗೆ ಹಾಕಿದರೆ ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಕೂರುತ್ತದೆ. ಟ್ರಿಗರ್ ಎಳೆದರೆ ಟಕ್ ಅಷ್ಟೇ. ತೆರೆದು ನೋಡಿದರೆ ಖಾಲಿ ಕಾಣುತ್ತದೆ. ಅದರ ಹಿಂದೆ 12 ಬೋರ್ ತೋಟಾ ಹಾಕಿ ಎಳೆದರೆ ಎರಡೂ ಒಟ್ಟಿಗೆ ಸಿಡಿಯುತ್ತವೆ. ಇಂಥ ದುರಂತ ಆದಮೇಲೇ ಅಮೆರಿಕದ ಕಂಪನಿಗಳು 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಮೀಸಲಿಟ್ಟಿದ್ದು. ಮನೆಯಲ್ಲಿ ಎರಡು ಬೋರಿನ ಬಂದೂಕುಗಳಿದ್ದರೆ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಎಂದೂ ಇಡಬಾರದು.

ತಪ್ಪು ತೋಟಾದ್ದೋ ಬಂದೂಕಿನದ್ದೋ ತಿಳಿಯಲು ಕೇಪಿನ ಮೇಲಿನ ಗುಳಿ ನೋಡಬೇಕು. ಗುಳಿ ಆಳವಾಗಿ, ನಡುವಲ್ಲೇ ಬಿದ್ದಿದ್ದರೆ ಬಂದೂಕು ತನ್ನ ಕೆಲಸ ಮಾಡಿದೆ, ತೋಟಾ ಕೆಟ್ಟಿದೆ. ಗುಳಿ ಬರೀ ಗೀರಿನಂತಿದ್ದರೆ ಸ್ಪ್ರಿಂಗ್ ಸೋತಿದೆ, ಪಿನ್ನು ಸವೆದಿದೆ, ಇಲ್ಲವೇ ಒಳಗೆ ಜಿಡ್ಡು ಕಟ್ಟಿದೆ. ಜಿಡ್ಡಿನ ಮಾತು ಬಂದಾಗ ಕೆನಡಾದ ಬೇಟೆಗಾರರು ಹಿಮದ ಚಳಿಯಲ್ಲಿ ಎಣ್ಣೆ ಹೆಪ್ಪುಗಟ್ಟಿ ಪಿನ್ನು ನಿಧಾನವಾಗುತ್ತದೆ ಅಂತ ಹೇಳುತ್ತಾರೆ. ನಮಗೆ ಹಿಮ ಎಲ್ಲಿ ಬರಬೇಕು ಅನಿಸುತ್ತೆ ಅಲ್ವಾ? ಆದರೆ ಬಂದೂಕಿಗೆ ಮನೆಯ ಕೊಬ್ಬರಿ ಎಣ್ಣೆ ಸವರುವ ರೂಢಿ ಇದ್ದರೆ ಹಿಮ ಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಡಿಸೆಂಬರ್ ರಾತ್ರಿ ಹೊಲದ ಅಟ್ಟಣೆಯ ಮೇಲೆ ಚಳಿ ಅದಕ್ಕಿಂತ ಎಷ್ಟೋ ಕೆಳಗೆ ಇಳಿದಿರುತ್ತದೆ. ಅಡುಗೆ ಎಣ್ಣೆಗಳು ವರ್ಷ ಕಳೆದಂತೆ ಅಂಟಾಗುತ್ತವೆ ಕೂಡ. ಬಂದೂಕಿಗೆ ಬೇಕಾದ್ದು ತೆಳುವಾದ ಬಂದೂಕಿನ ಎಣ್ಣೆ, ಅದೂ ಒರೆಸಿ ತೆಗೆದಷ್ಟು. ಜಾಸ್ತಿ ಹಾಕಿದರೆ ಅದು ಹರಿದು ತೋಟಾದ ಕೇಪಿಗೇ ಇಳಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದ್ದು, ಸಣ್ಣ ಸಂದಿಯಲ್ಲೂ ನುಗ್ಗುವುದೇ ಅದರ ಗುಣ. ಕೇಪಿನೊಳಗಿನ ಚಿಟಿಕೆ ಸಿಡಿಮದ್ದು ಎಣ್ಣೆ ಕುಡಿದರೆ ಸತ್ತ ಹಾಗೆಯೇ.

ಇನ್ನು ಇಡುವ ಜಾಗ. ನಮ್ಮದು ಒಣ ಸೀಮೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ತೇವ ಇಲ್ಲವಲ್ಲ, ತೋಟಾ ಚೆನ್ನಾಗೇ ಇರುತ್ತೆ ಅಂತ ಅನಿಸಬಹುದು. ಆದರೆ ಬೇಸಿಗೆಯಲ್ಲಿ ತಗಡಿನ ಶೀಟಿನ ಕೆಳಗಿನ ಅಟ್ಟ ಹೊರಗಿಗಿಂತ ಎಷ್ಟು ಕಾಯುತ್ತದೆ ಅಂತ ಅಲ್ಲಿ ಕೈಯಿಟ್ಟವರಿಗೆ ಗೊತ್ತು. ಈಗಿನ ತೋಟಾಗಳ ಹೊಗೆರಹಿತ ಮದ್ದು ಹೊರಗೆ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಬಲು ನಿಧಾನವಾಗಿ ಒಡೆಯುತ್ತಲೇ ಇರುತ್ತದೆ. ಶಾಖ ಹೆಚ್ಚಿದಷ್ಟೂ ಒಡೆಯುವ ವೇಗ ಹೆಚ್ಚು. ಕೆಟ್ಟ ಮದ್ದಿಗೆ ಹುಳಿ ಹುಳಿಯಾದ ಘಾಟು ಬರುತ್ತದೆ. ತಂಪಾದ, ಒಣಗಿದ, ಬಿಸಿಲು ತಾಗದ ಜಾಗದಲ್ಲಿ ತೋಟಾ ದಶಕಗಳ ಕಾಲ ಬಾಳುತ್ತದೆ. ಅದೇ ತೋಟಾ ಶೀಟಿನ ಕೆಳಗಿನ ಟ್ರಂಕಿನಲ್ಲಿ ಅಷ್ಟು ಬಾಳುವುದಿಲ್ಲ.

ಅದಕ್ಕಿಂತ ಕೆಟ್ಟ ಜಾಗ ದನದ ಕೊಟ್ಟಿಗೆ. ಇದು ಬರೀ ನನ್ನ ಅನುಮಾನವಲ್ಲ, ಇದರ ಹಿಂದೆ ಭಾರತದಲ್ಲೇ ನಡೆದ ಕಥೆಯಿದೆ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತನ್ನ ಹಿತ್ತಾಳೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ತುಂಬಿಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಎಷ್ಟೋ ತೋಟಾಗಳು ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಬಿದ್ದಿಲ್ಲ, ಆದರೂ ಬಿರುಕು. ಕಾರಣ ಸರಿಯಾಗಿ ಬಿಡಿಸಿ ಹೇಳಿದ್ದು 1921ರಲ್ಲಿ, ಇಂಗ್ಲೆಂಡಿನ ಸಂಶೋಧಕರು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತೋಟಾ ಮಾಡುವಾಗ ಹಿತ್ತಾಳೆಯನ್ನು ಎಳೆದು ಬಗ್ಗಿಸಿದ್ದರಿಂದ ಅದರೊಳಗೆ ಉಳಿದ ಬಿಗಿತ, ಮೂರೂ ಸೇರಿ ಲೋಹವನ್ನು ಸೀಳುತ್ತಿದ್ದವು.

ಈಗ ನಮ್ಮ ಮನೆಗಳನ್ನು ನೋಡಿ. ಮಕ್ಕಳ ಕೈಗೆ ಸಿಗಬಾರದು ಅಂತ ತೋಟಾ ಡಬ್ಬಿ ಕೊಟ್ಟಿಗೆಯ ಅಟ್ಟ ಸೇರುತ್ತದೆ. ಕೆಳಗೆ ದನ, ಗಂಜಲ, ತೇವ. ಇಲ್ಲವೇ ಗೊಬ್ಬರದ ಕೋಣೆ. ಯೂರಿಯಾ ಚೀಲ ತೇವ ಹಿಡಿದರೆ ಮೂಗಿಗೆ ಹೊಡೆಯುವ ವಾಸನೆ ಅದೇ ಅಮೋನಿಯಾ. ನೂರು ವರ್ಷದ ಹಿಂದೆ ಸೇನೆಗೆ ನಷ್ಟ ಮಾಡಿದ ಸಂಗತಿಯನ್ನು ಮಕ್ಕಳ ಮೇಲಿನ ಕಾಳಜಿಯಿಂದಲೇ ನಾವು ಮತ್ತೆ ಕಟ್ಟಿಕೊಳ್ಳುತ್ತಿದ್ದೇವೆ. ಬಿರುಕು ಬಿಟ್ಟ ತಳದ ತೋಟಾದಲ್ಲಿ ತೇವ ಇಳಿದು ಈಡು ಹಾರದೇ ಹೋಗಬಹುದು. ಹಾರಿದರೆ ಬಿಸಿ ಗಾಳಿ ಹಿಂದಕ್ಕೆ, ಮುಖದ ಕಡೆಗೇ ನುಗ್ಗಬಹುದು. ತೋಟಾವನ್ನು ಮನೆಯೊಳಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬಂದೂಕಿನಿಂದ ಬೇರೆಯಾಗಿ ಇಡಬೇಕು. ಹಸಿರು ಕಿಲುಬು ಹಿಡಿದ, ತಳ ಉಬ್ಬಿದ, ಮೈ ಸೀಳಿದ ತೋಟಾವನ್ನು ಬಂದೂಕಿಗೆ ಹಾಕಲೇಬಾರದು.

ಮುಂದಿನಿಂದ ಮದ್ದು ತುಂಬುವ ಕೋವಿಯ ಕಥೆ ಬೇರೆ. ಅದಕ್ಕೆ ನಮ್ಮ ಜಿಲ್ಲೆಯ ನಂಟು ಹಳೆಯದು. ಚಿತ್ರದುರ್ಗದ ಕೋಟೆಯೊಳಗೆ ಹೊಂಡದಂಥ ಜಾಗದಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳಿವೆ. ಮದ್ದು ಬೀಸುವ ಕಲ್ಲು ಅಂತಲೇ ಅವಕ್ಕೆ ಹೆಸರು. ಆ ಕಾಲದ ಕಪ್ಪು ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕದ್ದು. ಪೆಟ್ಲುಪ್ಪು ಶುದ್ಧವಾಗಿಲ್ಲದಿದ್ದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮದ್ದು ಉರಿದ ಮೇಲೆ ಉಳಿಯುವ ಮಸಿಯೂ ಹಾಗೆಯೇ ತೇವ ಎಳೆದು ನಳಿಗೆಯನ್ನು ತಿನ್ನುತ್ತದೆ, ಕೇಪು ಕೂರುವ ಮೂತಿಯ ಸಣ್ಣ ತೂತನ್ನು ಮುಚ್ಚುತ್ತದೆ. ಕೇಪಿನ ಬಂದೂಕು ಹುಟ್ಟಿದ್ದೇ ಒಬ್ಬ ಬೇಟೆಗಾರನ ಬೇಸರದಿಂದ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಹಕ್ಕಿ ಹೊಡೆಯಲು ಹೋದಾಗ ಚಕಮಕಿ ಬಂದೂಕಿನ ಹೊರಗಿನ ಪುಟ್ಟ ಬಾಣಲೆಯಲ್ಲಿಟ್ಟ ಮದ್ದು ಮೊದಲು ಮಿಂಚಿ ಹಕ್ಕಿ ಹಾರಿಹೋಗುತ್ತಿತ್ತು. ಕುಟ್ಟಿದರೆ ಹೊತ್ತುವ ಮದ್ದಿನಿಂದ ಈಡು ಹಾರಿಸುವ ವಿಧಾನಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದ ಮುಂದೆ ಕೇಪು ಬಂತು.

ಆದರೂ ತೂತು ಮುಚ್ಚಿದ್ದರೆ ಕೇಪು ಮಾತ್ರ ಚಟ್ ಅಂತ ಸಿಡಿದು ಒಳಗಿನ ಮದ್ದು ಹಾಗೇ ಉಳಿಯುತ್ತದೆ. ಗಲಾಟೆಯಲ್ಲಿ ಅದು ಗೊತ್ತೇ ಆಗದಿರಬಹುದು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಬಯಲಿನಿಂದ ಸುಮಾರು 27,000 ಬಂದೂಕು ಆರಿಸಿದರು. ಅವುಗಳಲ್ಲಿ ಸುಮಾರು 24,000 ಇನ್ನೂ ತುಂಬಿದ್ದವು, ಅದರಲ್ಲೂ ಸುಮಾರು ಅರ್ಧದಷ್ಟರಲ್ಲಿ ಎರಡೆರಡು ಈಡು. ಮೊದಲನೆಯದು ಹಾರಿಲ್ಲ ಅಂತ ತಿಳಿಯದೆ ಅದರ ಮೇಲೇ ಮತ್ತೆ ತುಂಬಿದ್ದರು. ತರಬೇತಿ ಪಡೆದ ಸೈನಿಕರಿಗೇ ಹೀಗಾದರೆ, ಕತ್ತಲಲ್ಲಿ ಹಂದಿ ಗುಂಪಿನ ಎದುರು ಒಬ್ಬನೇ ನಿಂತ ರೈತನಿಗೆ ಆಗದೇ ಇರುತ್ತದೆಯೇ? ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ. ಮುಂಗಾರಿಗೆ ತುಂಬಿದ ಕೋವಿಯನ್ನು ಹಾರಿಸದೆ ಗೋಡೆಗೆ ನೇತುಹಾಕಿ ಮರೆಯುವುದು. ತಿಂಗಳು ಬಿಟ್ಟು ಮಗ ಬಂದು ಖಾಲಿ ಇದೆ ಅಂದುಕೊಂಡು ಮತ್ತೆ ತುಂಬುತ್ತಾನೆ. ಮದ್ದು ಒತ್ತುವ ಗಜದ ಕಡ್ಡಿಯನ್ನು ನಳಿಗೆಗೆ ಇಳಿಬಿಟ್ಟು, ಖಾಲಿ ಇದ್ದಾಗ ಎಲ್ಲಿವರೆಗೆ ಇಳಿಯುತ್ತದೆ ಅನ್ನುವುದಕ್ಕೆ ಅದರ ಮೇಲೆ ಒಂದು ಗೀರು ಹಾಕಿಟ್ಟರೆ ಈ ಗೊಂದಲವೇ ಇಲ್ಲ. ಅದೂ ಕೇಪು ತೆಗೆದಿದೆ ಅಂತ ನೋಡಿಕೊಂಡು, ನಳಿಗೆಯ ಬಾಯಿಗೆ ಮುಖ ಒಡ್ಡದೆ ಮಾಡಬೇಕಾದ ಕೆಲಸ.

ವಿದೇಶದ ಬೇಟೆಗಾರರ ಅನುಭವದಲ್ಲಿ ನಮಗೆ ಉಪಯೋಗವಾಗುವ ಒಂದು ಸಂಗತಿ, ಒಂದೇ ತೋಟಾವನ್ನು ದಿನಾ ಹಾಕಿ ತೆಗೆಯುವುದು. ಕೆಲವು ಬಂದೂಕುಗಳಲ್ಲಿ ಹೀಗೆ ಮತ್ತೆ ಮತ್ತೆ ತಳ್ಳಿ ಎಳೆದರೆ ಕೇಪಿನೊಳಗಿನ ಸಿಡಿಮದ್ದು ಉದುರಿ, ಒಂದು ದಿನ ಬೇಕಾದಾಗಲೇ ಹಾರುವುದಿಲ್ಲ. ಕಾವಲಿನ ತಿಂಗಳಲ್ಲಿ ನಮ್ಮವರೂ ಸಂಜೆ ಹಾಕಿ ಬೆಳಿಗ್ಗೆ ತೆಗೆಯುತ್ತಾರೆ. ತೆಗೆಯುವುದು ಸರಿಯಾದ ಕ್ರಮವೇ, ಬಿಡಬಾರದು. ಅದೇ ಎರಡು ತೋಟಾವನ್ನು ಇಡೀ ಹಂಗಾಮು ಓಡಿಸಬಾರದು, ಅಷ್ಟೇ.

ಬಂದೂಕಿನ ಮೇಲೆ ನಂಬಿಕೆ ಹೋದವರು ಏನು ಮಾಡುತ್ತಾರೆ ಅನ್ನುವುದು ನನಗೆ ಹೆಚ್ಚು ಚಿಂತೆಯ ವಿಷಯ. ಕಾರ್ಬೈಡಿಗೆ ನೀರು ತಾಗಿ ಏಳುವ ಅನಿಲವನ್ನು ಕಿಡಿಯಿಂದ ಸಿಡಿಸುವ ಪಿವಿಸಿ ಪೈಪಿನ ಕಾರ್ಬೈಡ್ ಗನ್ನು ಅಗ್ಗ, ಅದಕ್ಕೆ ಲೈಸೆನ್ಸ್ ಕೇಳುವವರಿಲ್ಲ, ಸದ್ದು ಜೋರು. ಆದರೆ ಅದೂ ಎಷ್ಟೋ ಸಲ ಮೊದಲ ಕಿಡಿಗೆ ಹೊತ್ತುವುದಿಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಗನ್ನಿನಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಹೆಚ್ಚಿನವರು ಮಕ್ಕಳು. ಯಾಕೆ ಸಿಡಿಯಲಿಲ್ಲ ಅಂತ ಪೈಪಿನೊಳಗೆ ಇಣುಕಿದಾಗಲೇ ಸಿಡಿದು ಕಣ್ಣು ಕಳೆದುಕೊಂಡವರೂ ಇದ್ದಾರೆ. ತಿಂಡಿಯಲ್ಲಿ ಸಿಡಿಮದ್ದು ಅಡಗಿಸಿಡುವುದಂತೂ ಅಪರಾಧ, ಕ್ರೌರ್ಯ. ಸಿಡಿಯದೆ ಹೊಲದಲ್ಲಿ ಉಳಿದ ಉಂಡೆಯನ್ನು ಮೇಯಲು ಬಂದ ಹಸು ಕಚ್ಚುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆ ಸತ್ತಿದ್ದು ಇಂಥದ್ದೇ ಸಿಡಿಮದ್ದಿನಿಂದ.

ಹಾರದ ತೋಟಾವನ್ನು ಕೊನೆಗೆ ಏನು ಮಾಡಬೇಕು? ಬಿಚ್ಚಿ ಮದ್ದು ತೆಗೆಯಬಾರದು, ಒಲೆಗೆ ಹಾಕಬಾರದು, ಬದುವಿನಲ್ಲಿ ಹೂಳಬಾರದು, ಬಾವಿಗೆ ಎಸೆಯಬಾರದು. ಠಾಣೆಗೆ ಒಯ್ದು, ಒಂದು ಹಾಳೆಯಲ್ಲಿ ಬರೆದುಕೊಟ್ಟು, ಸ್ವೀಕೃತಿ ಪಡೆಯಬೇಕು. ಲೆಕ್ಕದಲ್ಲಿರುವ ಸಾಮಾನು ಅದು. ರೈತರು ಹಾಗೆ ಮಾಡದಿರುವುದಕ್ಕೆ ಕಾರಣ ಸೋಮಾರಿತನ ಅಲ್ಲ, ಅಂಜಿಕೆ. ಯಾವಾಗ ಹಾರಿಸಿದೆ, ಯಾಕೆ ಹಾರಿಸಿದೆ, ಯಾವ ಪ್ರಾಣಿ ಅಂತ ಪ್ರಶ್ನೆ ಶುರುವಾದರೆ ಏನು ಗತಿ ಎಂದು ಅದನ್ನು ಮತ್ತೆ ಅದೇ ಡಬ್ಬಿಗೆ ಹಾಕಿ ಅಟ್ಟಕ್ಕೇರಿಸುತ್ತಾರೆ. ಒಳ್ಳೆಯ ತೋಟಾಗಳ ಜೊತೆ ಅದೂ ಸೇರಿಕೊಳ್ಳುತ್ತದೆ.

ಇದಕ್ಕೆ ಹೊಸ ಕಾನೂನು ಬೇಕು ಅಂತ ನನಗೆ ಅನಿಸುವುದಿಲ್ಲ. 2016ರ ಆಯುಧ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತಿದೆ, ರಾಜ್ಯದ ಪೊಲೀಸರು ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತಾರೆ. ಅಪ್ಪನಿಂದ ಬಂದ ಹಳೆಯ ಬಂದೂಕಿನ ಮನೆಗೆ ಅದು ತಲುಪುತ್ತಿಲ್ಲ ಅನ್ನುವುದೇ ಕೊರತೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ರೈತನಿಗೆ ಓಡಾಟ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಬಂದೂಕನ್ನು ಯಾರಾದರೂ ಕಣ್ಣಿಟ್ಟು ನೋಡುವ ಸಂದರ್ಭವೂ ಅಷ್ಟೇ ದೂರ ಹೋಯಿತು.

ಆ ಸಂದರ್ಭ ತಾನಾಗೇ ಒದಗಿ ಬರುವುದು ಚುನಾವಣೆಯಲ್ಲಿ. ಘೋಷಣೆಯಾದ ಕೂಡಲೇ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುತ್ತಾರೆ. 2023ರ ವಿಧಾನಸಭೆ ಚುನಾವಣೆಯ ಮತದಾನ ಮೇ 10ಕ್ಕೆ. 2024ರ ಲೋಕಸಭೆಗೆ ಚಿತ್ರದುರ್ಗದಲ್ಲಿ ಏಪ್ರಿಲ್ 26ಕ್ಕೆ, ದಾವಣಗೆರೆಯಲ್ಲಿ ಮೇ 7ಕ್ಕೆ. ಎರಡೂ ಸಲ ಬಂದೂಕು ವಾಪಸ್ ಕೈಸೇರುವ ಹೊತ್ತಿಗೆ ಮುಂಗಾರು ಬಿತ್ತನೆ ಶುರು. ಠಾಣೆಯ ಮೂಲೆಯಲ್ಲಿ ವಾರಗಟ್ಟಲೆ ಒರಗಿದ್ದ ಬಂದೂಕನ್ನು ರೈತ ನೇರವಾಗಿ ಹೊಲಕ್ಕೇ ಒಯ್ಯುತ್ತಾನೆ. ತಾಲ್ಲೂಕಿನ ಬಂದೂಕುಗಳೆಲ್ಲ ಒಂದೇ ಕಡೆ ಸೇರಿರುವ ಆ ದಿನಗಳಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಬಂದೂಕು ರಿಪೇರಿ ಬಲ್ಲ ಒಬ್ಬರು ಠಾಣೆಗೆ ಬಂದು ಪಿನ್ನು, ಸ್ಪ್ರಿಂಗ್, ನಳಿಗೆ ನೋಡಬಹುದು. ವಾಪಸ್ ಕೊಡುವ ದಿನ ರೈತರನ್ನು ಒಂದು ತಾಸು ಕೂರಿಸಿ, ಹಾರದಿದ್ದರೆ ಹೇಗೆ ನಿಲ್ಲಬೇಕು ಅಂತ ಖಾಲಿ ಬಂದೂಕು ಹಿಡಿದು ತೋರಿಸಬಹುದು. ಹಳೆಯ, ಹಾರದ ತೋಟಾಗಳನ್ನು ಪ್ರಶ್ನೆ ಕೇಳದೆ ತೆಗೆದುಕೊಂಡು, ಪುಸ್ತಕದಲ್ಲಿ ಅಷ್ಟು ಕಳೆದು ಬರೆದು, ಹೊಸದನ್ನು ಕೊಳ್ಳಲು ಬಿಡಬಹುದು.

ಚುನಾವಣೆ ಇಲ್ಲದ ವರ್ಷ ಇದನ್ನೇ ಮೇ ತಿಂಗಳಲ್ಲಿ, ಬಿತ್ತನೆಗೆ ಮುಂಚೆ, ತಾಲ್ಲೂಕಿಗೊಂದು ದಿನ ಮಾಡಿದರೂ ಸಾಕು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಬಂದೂಕು ಬಲ್ಲವರು ಪೊಲೀಸರು, ಹಂದಿಯ ಲೆಕ್ಕ ಅರಣ್ಯ ಇಲಾಖೆಯದು. ಮೂವರ ಕಚೇರಿಯೂ ಜಿಲ್ಲಾ ಕೇಂದ್ರದಲ್ಲೇ ಇದೆ. ಜಗಳೂರಿನಿಂದ ಹೊಸದುರ್ಗದವರೆಗಿನ ರೈತ ಸಂಘಗಳು ಬೆಳೆ ಪರಿಹಾರಕ್ಕೆ ಕೊಡುವ ಮನವಿಯಲ್ಲಿ ಈ ಬೇಡಿಕೆಯನ್ನೂ ಒಂದು ಸಾಲು ಸೇರಿಸಬೇಕು. ಈ ಸಲದ ಮೆಕ್ಕೆಜೋಳ ಹಾಲುಗಟ್ಟುವುದರೊಳಗೆ ಅದು ಜಿಲ್ಲಾಧಿಕಾರಿಯ ಮೇಜಿನ ಮೇಲಿದ್ದರೆ ಒಳ್ಳೆಯದು.